ಬೇಲಿ ಕಾಣದ ಹೊಲಗಳು: ಲ್ಯಾಕ್ಸ್‌ಟನ್ ಎಂಬ ಇಂಗ್ಲಿಷ್ ಹಳ್ಳಿಯ ಇತಿಹಾಸ

ಇಂಗ್ಲೆಂಡಿನ ನಡುನಾಡಿನ ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯಲ್ಲಿ, ಶೆರ್ವುಡ್ ಕಾಡುಪ್ರದೇಶಕ್ಕೂ ಟ್ರೆಂಟ್ ನದಿಯ ಬಯಲಿಗೂ ನಡುವಣ ಭಾರವಾದ ಜೇಡಿಮಣ್ಣಿನ ದಿಣ್ಣೆಗಳ ಮೇಲೆ ಲ್ಯಾಕ್ಸ್‌ಟನ್ ಎಂಬ ಸಣ್ಣ ಹಳ್ಳಿಯೊಂದಿದೆ. ಒಂದು ಚರ್ಚು, ಒಂದು ಹೆಂಡದಂಗಡಿ, ಹುಲ್ಲು ಬೆಳೆದು ನಿಂತ ಒಂದು ಹಳೆಯ ಕೋಟೆಯ ದಿಬ್ಬ ಮತ್ತು ಬೀದಿಯ ಎರಡೂ ಬದಿಗೆ ಕೆಂಪು ಇಟ್ಟಿಗೆಯ ರೈತಮನೆಗಳನ್ನು ಬಿಟ್ಟರೆ ದಾರಿಹೋಕರ ಕಣ್ಣು ಸೆಳೆಯುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ. ಆದರೂ ಯೂರೋಪಿನ ಕೃಷಿ ಇತಿಹಾಸವನ್ನು ಬರೆಯುವವರು ಈ ಊರಿನ ಹೆಸರನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಕಾಲಕ್ಕೆ ಇಂಗ್ಲೆಂಡಿನ ಅರ್ಧಕ್ಕೂ ಮಿಗಿಲಾದ ಉಳುಮೆ ಭೂಮಿಯಲ್ಲಿ ರೂಢಿಯಲ್ಲಿದ್ದು, ಕಳೆದ ನಾಲ್ಕು ಶತಮಾನಗಳಲ್ಲಿ ಬಹುತೇಕ ಅಳಿಸಿಹೋದ ತೆರೆದ ಹೊಲಗಳ ಬೇಸಾಯ, ಅದನ್ನು ನಡೆಸುವ ಊರಿನ ನ್ಯಾಯಸಭೆಯ ಸಮೇತ, ಇಂದಿಗೂ ಉಳಿದಿರುವುದು ಇಲ್ಲಿ ಮಾತ್ರ. ಇದು ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಹಳೆಯದರ ಮೇಲಣ ಹಳ್ಳಿಗರ ಪ್ರೀತಿ ಎಂಬ ಸುಲಭದ ಉತ್ತರ ಸಾಲದು. ಒಡೆಯರ ನಡುವಣ ಬಗೆಹರಿಯದ ಲೆಕ್ಕಾಚಾರ, ಖರ್ಚಿನ ಅಳುಕು, ಧಾನ್ಯದ ಬೆಲೆಯ ಕುಸಿತ ಮತ್ತು ಕೊನೆಯಲ್ಲಿ ಸರ್ಕಾರದ ಒಂದು ತೀರ್ಮಾನ, ಇವೆಲ್ಲ ಒಂದರ ಹಿಂದೊಂದು ಕೂಡಿಬಂದುದರ ಫಲ ಅದು.

ತೆರೆದ ಹೊಲ ಎಂದರೆ ಯಾರಿಗೂ ಸೇರದ ಹೊಲ ಎಂದಲ್ಲ. ಊರಿನ ಸುತ್ತಲ ಉಳುಮೆಯ ನೆಲವನ್ನು ಎರಡೋ ಮೂರೋ ವಿಶಾಲವಾದ ಹೊಲಗಳಾಗಿ ವಿಂಗಡಿಸಿ, ಪ್ರತಿಯೊಂದು ಹೊಲವನ್ನೂ ನೂರಾರು ಉದ್ದನೆಯ ಪಟ್ಟಿಗಳಾಗಿ ಸೀಳಿ, ಒಬ್ಬೊಬ್ಬ ರೈತನಿಗೂ ಎಲ್ಲ ಹೊಲಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಪಟ್ಟಿ ಬರುವಂತೆ ಹಂಚಿದ ವ್ಯವಸ್ಥೆ ಇದು. ಪಟ್ಟಿ ರೈತನದು, ಅದರ ಫಸಲೂ ಅವನದೇ. ಆದರೆ ಯಾವ ವರ್ಷ ಯಾವ ಹೊಲದಲ್ಲಿ ಏನು ಬಿತ್ತಬೇಕು, ಕೊಯ್ಲಾದ ಮೇಲೆ ಕೂಳೆ ಮೇಯಲು ದನಕುರಿಗಳನ್ನು ಎಂದು ಬಿಡಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ಊರು. ಲ್ಯಾಕ್ಸ್‌ಟನ್ನಿನಲ್ಲಿ ಮೂರು ವರ್ಷಗಳ ಸರದಿ ನಡೆದುಬಂದಿದೆ: ಒಂದು ಹೊಲಕ್ಕೆ ಚಳಿಗಾಲಕ್ಕೆ ಮುಂಚೆ ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿಯನ್ನೋ ಬಟಾಣಿಯಂಥ ಕಾಳನ್ನೋ ಬಿತ್ತುವುದು, ಮೂರನೆಯದನ್ನು ಬೀಳು ಬಿಟ್ಟು ನೆಲಕ್ಕೆ ವಿಶ್ರಾಂತಿ ಕೊಡುವುದು. ಪಟ್ಟಿಪಟ್ಟಿಗೂ ಬೇಲಿ ಇದ್ದರೆ ದನ ಮೇಯಿಸುವುದಾಗಲಿ ನೇಗಿಲು ತಿರುಗಿಸುವುದಾಗಲಿ ಸಾಧ್ಯವಿರಲಿಲ್ಲವಾದ್ದರಿಂದ ಹೊಲದೊಳಗೆ ಬೇಲಿಯೇ ಇರುತ್ತಿರಲಿಲ್ಲ. ನೆರೆಯವನ ಪಟ್ಟಿಗೂ ತನ್ನ ಪಟ್ಟಿಗೂ ನಡುವೆ ಇದ್ದುದು ಉಳುಮೆಯ ಸಾಲಿನ ತಗ್ಗು ಮಾತ್ರ. ಆ ತಗ್ಗನ್ನು ವರ್ಷಕ್ಕೊಂದು ಗೇಣು ಅತ್ತ ಸರಿಸುವ ಚಪಲ ರೈತರಿಗೆ ಯಾವ ದೇಶದಲ್ಲಿಯೂ ಇಲ್ಲದ್ದಲ್ಲ. ಊರಿನ ನ್ಯಾಯಸಭೆಗೆ ಕೆಲಸ ಒದಗಿಸಿದ್ದು ಮುಖ್ಯವಾಗಿ ಅದೇ.

ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ಮೊದಲನೆಯ ವಿಲಿಯಂ 1086ರಲ್ಲಿ ಮಾಡಿಸಿದ ಡೂಮ್ಸ್‌ಡೇ ಪುಸ್ತಕವೆಂಬ ಭೂದಾಖಲೆಯಲ್ಲಿ ಲ್ಯಾಕ್ಸ್‌ಟನ್ ಆಗಲೇ ಕಾಣಿಸಿಕೊಂಡಿದೆ. ಟೋಕಿ ಎಂಬ ಹಳೆಯ ಒಡೆಯನ ಕೈತಪ್ಪಿದ ಊರು ಜೆಫ್ರಿ ಆಲ್ಸೆಲಿನ್ ಎಂಬ ನಾರ್ಮನ್ ಸರದಾರನ ಪಾಲಾಗಿತ್ತು. ಮುಂದೆ ಡಿ ಕೋ ಮತ್ತು ಎವರಿಂಗ್‌ಹ್ಯಾಮ್ ಮನೆತನಗಳು ಇಲ್ಲಿ ಆಳಿದವು. ರಾಜನ ಬೇಟೆಗಾಗಿ ಮೀಸಲಾಗಿದ್ದ ಶೆರ್ವುಡ್ ಕಾಡಿನ ವಂಶಪಾರಂಪರ್ಯ ಮೇಲ್ವಿಚಾರಣೆ ಅವರದಾಗಿದ್ದುದರಿಂದ, ಇಷ್ಟು ಚಿಕ್ಕ ಊರಿಗೆ ಅಷ್ಟು ದೊಡ್ಡ ಕೋಟೆ ಬಂದುದರಲ್ಲಿ ಆಶ್ಚರ್ಯವಿಲ್ಲ. ಊರಿನ ಉತ್ತರಕ್ಕಿರುವ ಆ ಕೋಟೆಯಲ್ಲಿ ಕಲ್ಲಿನ ಗೋಡೆಗಳು ಈಗ ಕಾಣಸಿಗುವುದಿಲ್ಲ. ಉಳಿದಿರುವುದು ಮಣ್ಣು ಪೇರಿಸಿ ಕಟ್ಟಿದ ಎತ್ತರದ ದಿಬ್ಬ ಮತ್ತು ಅದರ ಕೆಳಗಿನ ಕಂದಕ ಸುತ್ತುವರಿದ ಅಂಗಳಗಳು. ಆ ಕೌಂಟಿಯಲ್ಲಿ ಈ ಬಗೆಯ ಕೋಟೆಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಬೇರೆ ಇಲ್ಲ. ಸೇಂಟ್ ಮೈಕೇಲ್ ಚರ್ಚಿನೊಳಗೆ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಭಂಗಿಯ ಸಮಾಧಿ ಶಿಲ್ಪಗಳಿವೆ. ಅವುಗಳಲ್ಲಿ ಒಬ್ಬ ಮಹಿಳೆಯ ಶಿಲ್ಪ ಕಲ್ಲಿನದಲ್ಲ, ಮರದ್ದು. ಹುಳು ತಿನ್ನದೆ, ಒಲೆ ಸೇರದೆ ಆರೇಳು ಶತಮಾನ ಉಳಿದುಬಂದ ಅಂಥ ಮರದ ಪ್ರತಿಮೆಗಳು ಇಂಗ್ಲೆಂಡಿನಲ್ಲಿ ವಿರಳ. ಚರ್ಚಿನ ಕಟ್ಟಡ ಮಾತ್ರ ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲ. ಜೀರ್ಣವಾಗಿದ್ದ ಅದನ್ನು 1859–60ರಲ್ಲಿ ಕುಗ್ಗಿಸಿ ಮತ್ತೆ ಕಟ್ಟಲಾಯಿತು.

ಲ್ಯಾಕ್ಸ್‌ಟನ್ನಿನ ಇತಿಹಾಸದ ಮೊದಲ ದೊಡ್ಡ ತಿರುವು ಬಂದುದು ಲಂಡನ್ನಿನ ಒಬ್ಬ ವ್ಯಾಪಾರಿಯಿಂದ. ಫ್ಲಾಂಡರ್ಸ್‌ನಿಂದ ವಲಸೆ ಬಂದ ಪ್ರಾಟೆಸ್ಟೆಂಟ್ ಕುಟುಂಬವೊಂದರಲ್ಲಿ ಹುಟ್ಟಿ, ಬಟ್ಟೆಯ ವ್ಯಾಪಾರ, ಹಡಗುಗಳು ಮತ್ತು ಲೇವಾದೇವಿಯಿಂದ ಅಪಾರ ಹಣ ಮಾಡಿದ ಸರ್ ವಿಲಿಯಂ ಕೋರ್ಟೀನ್, ರಾಜರಿಗೇ ಸಾಲ ಕೊಡುವಷ್ಟು ಬೆಳೆದಿದ್ದವನು. ವೆಸ್ಟ್ ಇಂಡೀಸ್‌ನ ಬಾರ್ಬಡೋಸ್ ದ್ವೀಪದಲ್ಲಿ 1627ರಲ್ಲಿ ಇಂಗ್ಲಿಷರ ಮೊದಲ ವಸಾಹತು ನೆಲೆಗೊಂಡುದು ಅವನ ಹಣದಿಂದ. ಹೊಸದಾಗಿ ಸಿರಿವಂತರಾದ ಅಂದಿನ ವ್ಯಾಪಾರಿಗಳಂತೆ ಅವನೂ ಹಳ್ಳಿಗಾಡಿನ ಜಮೀನಿಗೆ ಕೈಹಾಕಿ ಲ್ಯಾಕ್ಸ್‌ಟನ್ನಿನ ಮೇನರನ್ನು, ಎಂದರೆ ಗೇಣಿ ವಸೂಲಿಯ ಜೊತೆಗೆ ಊರಿನ ನ್ಯಾಯಸಭೆ ನಡೆಸುವ ಹಕ್ಕೂ ಸೇರಿದ ಒಡೆತನವನ್ನು, ಕೊಂಡುಕೊಂಡ. ಕೊಂಡ ಆಸ್ತಿಯಲ್ಲಿ ಏನಿದೆ, ಯಾರ ಕೈಯಲ್ಲಿ ಎಷ್ಟಿದೆ ಎಂದು ತಿಳಿಯಬಯಸಿದ ಅವನು ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನನ್ನು ನೇಮಿಸಿದ. 1635ರಲ್ಲಿ ಪಿಯರ್ಸ್ ಮುಗಿಸಿಕೊಟ್ಟ ಕೆಲಸದಲ್ಲಿ ಎರಡು ಭಾಗಗಳಿದ್ದವು: ಊರಿನ 3,800 ಎಕರೆಗೂ ಮಿಕ್ಕಿದ ನೆಲವನ್ನು ಪಟ್ಟಿಪಟ್ಟಿಯಾಗಿ ಬಿಡಿಸಿ ತೋರಿಸಿದ ಬಣ್ಣದ ನಕ್ಷೆ, ಮತ್ತು ನಕ್ಷೆಯ ಒಂದೊಂದು ಸಂಖ್ಯೆಗೂ ಹಿಡುವಳಿದಾರನ ಹೆಸರು, ನೆಲದ ಬಗೆ, ವಿಸ್ತೀರ್ಣವನ್ನು ಎಕರೆ ಮತ್ತು ಅದರ ಚೂರುಪಾರುಗಳ ಲೆಕ್ಕದಲ್ಲಿ ಬರೆದ ಪುಸ್ತಕ, ನಮ್ಮ ಪಹಣಿಯನ್ನು ನೆನಪಿಸುವಂಥದ್ದು.

ಪಿಯರ್ಸ್‌ನ ನಕ್ಷೆ ಇಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಗೇಣಿಯ ಲೆಕ್ಕಕ್ಕೆಂದು ಮಾಡಿದ ಒಣ ದಾಖಲೆಯಾಗಿ ಉಳಿಯದಂತೆ ಆ ಮೋಜಣಿದಾರ ಹೊಲಗಳ ನಡುವೆ ನೇಗಿಲು ಹೂಡಿದವರನ್ನು, ಕೊಯ್ಲು ಮಾಡುವವರನ್ನು, ಬೇಟೆಗೆ ಹೊರಟವರನ್ನು ಬೆರಳುಗುರಿನಷ್ಟು ಗಾತ್ರದಲ್ಲಿ ಬಿಡಿಸಿಟ್ಟಿದ್ದಾನೆ. ಆ ನಕ್ಷೆಯಲ್ಲಿ ನಾಲ್ಕು ತೆರೆದ ಹೊಲಗಳಿವೆ: ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಾಳಿಗಿರಣಿಯ ಹೆಸರಿನ ಮಿಲ್ ಹೊಲ, ಮತ್ತು ಬೆಳೆಯ ಸರದಿಯಲ್ಲಿ ಪಶ್ಚಿಮದ ಹೊಲದ ಜೊತೆಗೇ ಲೆಕ್ಕಕ್ಕೆ ಬರುತ್ತಿದ್ದ ಚಿಕ್ಕದೊಂದು ಪೂರ್ವದ ಹೊಲ. ಹೊಲಗಳಲ್ಲದೆ ಬೇಲಿ ಹಾಕಿಕೊಂಡ ಖಾಸಗಿ ಹುಲ್ಲುಗಾವಲುಗಳೂ, ನಮ್ಮ ಗೋಮಾಳದಂಥ ಸಾಮೂಹಿಕ ಕಾವಲುಗಳೂ ಅದರಲ್ಲಿವೆ. ಅಂದರೆ 1635ರಲ್ಲಿಯೇ ಲ್ಯಾಕ್ಸ್‌ಟನ್ ಕಲಬೆರಕೆಯಿಲ್ಲದ ಮಧ್ಯಯುಗದ ಹಳ್ಳಿಯಾಗಿರಲಿಲ್ಲ. ಅಲ್ಲಿ ಬೇಲಿಗಳು ಆಗಲೇ ಬಂದಿದ್ದವು. ಊರನ್ನು ಹಳೆಯ ಕಾಲದ ಪಳೆಯುಳಿಕೆ ಎಂದು ಬಣ್ಣಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಈ ಕೋರ್ಟೀನನ ಹೆಸರು ಕನ್ನಡನಾಡಿನ ಕರಾವಳಿಯ ಇತಿಹಾಸದಲ್ಲಿಯೂ ಬರುತ್ತದೆ ಎಂಬುದು ಲ್ಯಾಕ್ಸ್‌ಟನ್ನಿನ ಕುರಿತ ಇಂಗ್ಲಿಷ್ ಬರಹಗಳಲ್ಲಿ ಅಷ್ಟಾಗಿ ಕಾಣದ ವಿಷಯ. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ಸಡ್ಡು ಹೊಡೆಯುವಂತೆ ಪೂರ್ವದೇಶಗಳ ಜೊತೆ ವ್ಯಾಪಾರ ಮಾಡಲು ಮೊದಲನೆಯ ಚಾರ್ಲ್ಸ್ ದೊರೆ 1635ರಲ್ಲಿ, ಎಂದರೆ ಪಿಯರ್ಸ್ ನಕ್ಷೆ ಮುಗಿಸಿದ ವರ್ಷವೇ, ಕೋರ್ಟೀನನ ಕೂಟಕ್ಕೆ ಅನುಮತಿ ಕೊಟ್ಟ. ಕ್ಯಾಪ್ಟನ್ ಜಾನ್ ವೆಡೆಲ್‌ನ ನೇತೃತ್ವದ ಹಡಗುಗಳು 1636ರಲ್ಲಿ ಹೊರಟು ಗೋವಾ ಮುಟ್ಟಿ, ಅಲ್ಲಿಂದ ಭಟ್ಕಳಕ್ಕೆ ಬಂದವು. ಮೆಣಸಿನ ವ್ಯಾಪಾರಕ್ಕೆ ಒಪ್ಪಿಗೆ ಬೇಡಲು 1637ರಲ್ಲಿ ಇಕ್ಕೇರಿಗೆ ಹೋಗಿ ಕೆಳದಿಯ ವೀರಭದ್ರ ನಾಯಕನನ್ನು ಕಂಡವರಲ್ಲಿ, ಆ ಪಯಣದ ವಿವರಗಳನ್ನು ಬರೆದಿಟ್ಟ ಪೀಟರ್ ಮಂಡಿಯೂ ಒಬ್ಬ. 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದುದೂ ಇದೇ ಕೂಟ. ಇದ್ಯಾವುದನ್ನೂ ನೋಡಲು ಕೋರ್ಟೀನ್ ಬದುಕಿರಲಿಲ್ಲ. ಹಡಗುಗಳು ಹೊರಟ ಕೆಲವೇ ವಾರಗಳಲ್ಲಿ, 1636ರ ಮೇ ತಿಂಗಳಲ್ಲಿ, ಅವನು ತೀರಿಕೊಂಡ. ಹಿಂದಿರುಗದ ರಾಜಸಾಲ, ಹಡಗುಗಳ ನಷ್ಟ, ಡಚ್ಚರ ಪೈಪೋಟಿಗಳ ನಡುವೆ ಕುಟುಂಬದ ಹಣಕಾಸು ಹದಗೆಡುತ್ತ ಬಂದು, ಲ್ಯಾಕ್ಸ್‌ಟನ್ 1640ರಲ್ಲಿ ನೆರೆಯ ಜಮೀನುದಾರ, ಕಿಂಗ್‌ಸ್ಟನ್ನಿನ ಮೊದಲ ಅರ್ಲ್ ರಾಬರ್ಟ್ ಪಿಯರ್‌ಪಾಂಟನ ಕೈಸೇರಿತು.

ಹೊಸ ಒಡೆಯನಿಗೂ ಹೆಚ್ಚು ಕಾಲ ಉಳಿಗಾಲವಿರಲಿಲ್ಲ. ದೊರೆಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಯಾವ ಪಕ್ಷ ಸೇರುವುದೆಂದು ಬಹಳ ದಿನ ಹಿಂದೆಮುಂದೆ ನೋಡಿ, ಕೊನೆಗೆ ದೊರೆಯ ಕಡೆಗೆ ಸೇರಿದ ಅವನು 1643ರಲ್ಲಿ ಸೆರೆಸಿಕ್ಕಿ, ದೋಣಿಯಲ್ಲಿ ಸಾಗಿಸಲ್ಪಡುತ್ತಿದ್ದಾಗ ದೊರೆಯ ಸೈನಿಕರೇ ದಡದಿಂದ ಹಾರಿಸಿದ ಗುಂಡಿಗೆ ಬಲಿಯಾದ. ಆದರೆ ಅವನ ವಂಶ ಥೋರ್ಸ್‌ಬಿಯ ಭವನದಲ್ಲಿ ನೆಲೆನಿಂತು, ಹೆಸರು ಬಿರುದುಗಳು ಬದಲಾದರೂ ಲ್ಯಾಕ್ಸ್‌ಟನ್ನಿನ ಒಡೆತನವನ್ನು ಮೂರು ಶತಮಾನಕ್ಕೂ ಹೆಚ್ಚು ಕಾಲ ಬಿಟ್ಟುಕೊಡಲಿಲ್ಲ. ಡ್ಯೂಕ್ ಪದವಿಗೇರಿದ್ದ ಈ ವಂಶದ, ಮಕ್ಕಳಿಲ್ಲದ ಕೊನೆಯ ಡ್ಯೂಕ್ 1773ರಲ್ಲಿ ಸತ್ತ ಮೇಲೆ, ಅವನ ಪತ್ನಿ ಎಲಿಜಬೆತ್ ಚಡ್ಲಿಯ ಮೇಲೆ ದ್ವಿಪತಿತ್ವದ ಮೊಕದ್ದಮೆ ನಡೆದು ದೇಶವೆಲ್ಲ ಅದನ್ನೇ ಆಡಿಕೊಂಡಿತು. ಆಕೆಯ ತರುವಾಯ ಆಸ್ತಿ ಡ್ಯೂಕ್‌ನ ಸೋದರಳಿಯನಿಗೆ ಹೋಗಿ, ಅವನು ಪಿಯರ್‌ಪಾಂಟ್ ಹೆಸರನ್ನು ತಾಳಿ 1806ರಲ್ಲಿ ಅರ್ಲ್ ಮ್ಯಾನ್ವರ್ಸ್ ಎನಿಸಿಕೊಂಡ.

ಈ ನಡುವೆ ಇಂಗ್ಲೆಂಡಿನ ಹಳ್ಳಿಗಾಡಿನ ಮುಖವೇ ಬದಲಾಗುತ್ತಿತ್ತು. ಚದುರಿದ ಪಟ್ಟಿಗಳನ್ನು ಒಗ್ಗೂಡಿಸಿ, ಒಬ್ಬೊಬ್ಬನ ಪಾಲನ್ನು ಒಂದೇ ಕಡೆ ಕೊಟ್ಟು, ಬೇಲಿ ಹಾಕಿ, ಸಾಮೂಹಿಕ ಮೇವಿನ ಹಕ್ಕುಗಳನ್ನು ರದ್ದುಗೊಳಿಸುವ ಕ್ರಮವನ್ನು ಚರಿತ್ರೆಯ ಪುಸ್ತಕಗಳು ಆವರಣ ಚಳವಳಿ ಎಂದು ಕರೆಯುತ್ತವೆ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಉಣ್ಣೆಯ ಲಾಭಕ್ಕಾಗಿ ಒಡೆಯರು ತಾವಾಗಿಯೇ ಇದನ್ನು ಮಾಡುತ್ತಿದ್ದರು. 1607ರಲ್ಲಿ ಲ್ಯಾಕ್ಸ್‌ಟನ್ನಿನ ದಕ್ಷಿಣಕ್ಕಿರುವ ನಡುನಾಡಿನ ಕೌಂಟಿಗಳಲ್ಲಿ ರೈತರು ದಂಗೆಯೆದ್ದು ಬೇಲಿಗಳನ್ನು ಕಿತ್ತೆಸೆದುದೂ ಉಂಟು. ಹದಿನೆಂಟನೆಯ ಶತಮಾನದ ನಡುವಿನಿಂದ ಈ ಕೆಲಸವನ್ನು ಪಾರ್ಲಿಮೆಂಟೇ ಕೈಗೆತ್ತಿಕೊಂಡಿತು. ಊರಿನ ಭೂಮೌಲ್ಯದ ದೊಡ್ಡ ಪಾಲು ಯಾರ ಕೈಯಲ್ಲಿದೆಯೋ ಅವರು ಅರ್ಜಿ ಸಲ್ಲಿಸಿದರೆ ಆ ಊರಿಗೆಂದೇ ಒಂದು ಕಾಯಿದೆಯಾಗಿ, ಕಮಿಷನರುಗಳು ಬಂದು, ಮೋಜಣಿ ಮಾಡಿ, ಹೊಸ ಹಂಚಿಕೆಯನ್ನು ಘೋಷಿಸುತ್ತಿದ್ದರು. ಒಟ್ಟು ಸುಮಾರು 5,200 ಕಾಯಿದೆಗಳಿಂದ 68 ಲಕ್ಷ ಎಕರೆಯಷ್ಟು ನೆಲ ಹೀಗೆ ಬೇಲಿಯೊಳಗೆ ಹೋಯಿತು. ಆರ್ಥರ್ ಯಂಗ್‌ನಂಥ ಕೃಷಿ ಸುಧಾರಕರ ಕಣ್ಣಿಗೆ ತೆರೆದ ಹೊಲಗಳು ಸೋಮಾರಿತನದ, ಹಿಂದುಳಿದಿರುವಿಕೆಯ ಗುರುತು. ಬೇಲಿಯೊಳಗೆ ರೈತ ಟರ್ನಿಪ್ ಗೆಡ್ಡೆಯನ್ನೋ ಕ್ಲೋವರ್ ಮೇವನ್ನೋ ತನ್ನಿಷ್ಟದಂತೆ ಬೆಳೆಯಬಹುದು, ತಳಿ ಸುಧಾರಿಸಬಹುದು ಎಂಬುದು ಅವರ ವಾದ. ಅದು ಪೂರ್ತಿ ಸುಳ್ಳಲ್ಲ. ಆದರೆ ಇಳುವರಿಯ ಏರಿಕೆಯಲ್ಲಿ ಗಣನೀಯ ಪಾಲು ಬೇಲಿಗೆ ಮುಂಚೆಯೇ ಸಣ್ಣ ರೈತರ ಕೈಯಲ್ಲಿ ಸಾಧ್ಯವಾಗಿತ್ತೆಂದು ರಾಬರ್ಟ್ ಆಲನ್ 1992ರಲ್ಲಿ ವಾದಿಸಿದರು, ಸಾಮೂಹಿಕ ಕಾವಲಿನ ಸೌದೆ, ಮೇವುಗಳನ್ನು ನಂಬಿದ್ದ ಬಡವರು ಅದರಿಂದ ಏನೆಲ್ಲ ಕಳೆದುಕೊಂಡರೆಂಬುದನ್ನು ಜೆ. ಎಂ. ನೀಸನ್ 1993ರಲ್ಲಿ ವಿವರವಾಗಿ ತೋರಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ.

ಸುತ್ತಲ ಊರುಗಳೆಲ್ಲ ಒಂದೊಂದಾಗಿ ಬೇಲಿಗೆ ಒಳಗಾಗುತ್ತಿದ್ದಾಗ ಲ್ಯಾಕ್ಸ್‌ಟನ್ ಹೊರಗುಳಿದದ್ದಕ್ಕೆ ಕಾರಣ ಅಲ್ಲಿನ ಒಡೆತನದ ಸ್ವರೂಪ. ಊರು ಪೂರ್ತಿಯಾಗಿ ಒಬ್ಬನ ಕೈಯಲ್ಲಿದ್ದಿದ್ದರೆ ಗೇಣಿ ಪತ್ರಗಳು ಮುಗಿಯುತ್ತಿದ್ದಂತೆ ಅವನು ಯಾರನ್ನೂ ಕೇಳದೆ ಹೊಲಗಳನ್ನು ಒಟ್ಟುಗೂಡಿಸಬಹುದಿತ್ತು. ಸಣ್ಣಪುಟ್ಟವರದೇ ಊರಾಗಿದ್ದಿದ್ದರೆ ಪಾರ್ಲಿಮೆಂಟಿನ ಕಾಯಿದೆ ಬರುತ್ತಿತ್ತು. ಲ್ಯಾಕ್ಸ್‌ಟನ್ನಿನಲ್ಲಿ ಪಿಯರ್‌ಪಾಂಟ್ ಮನೆತನ ದೊಡ್ಡ ಒಡೆಯನಾಗಿದ್ದರೂ, ಎರಡನೆಯ ಪ್ರಬಲ ಜಮೀನುದಾರನಾಗಿ ಅರ್ಲ್ ಆಫ್ ಸ್ಕಾರ್‌ಬರೋ ಇದ್ದ; ಇವರಿಬ್ಬರ ಪಟ್ಟಿಗಳ ನಡುವೆ ಸ್ವಂತ ನೆಲದ ಸಣ್ಣ ಹಿಡುವಳಿದಾರರ ಪಟ್ಟಿಗಳೂ ಹೆಣೆದುಕೊಂಡಿದ್ದವು. ಒಬ್ಬರನ್ನು ಬಿಟ್ಟು ಒಬ್ಬರು ಮುಂದುವರಿಯುವಂತಿರಲಿಲ್ಲ, ಕೂಡಿ ಮುಂದುವರಿಯಲು ಲೆಕ್ಕ ಹೊಂದುತ್ತಿರಲಿಲ್ಲ. ವಕೀಲರು, ಮೋಜಣಿದಾರರು, ಬೇಲಿ, ಚರಂಡಿ, ಹೊಸ ರಸ್ತೆ, ಹೊಲಗಳ ನಡುವೆ ಹೊಸ ಮನೆಗಳು, ಹೀಗೆ ಆವರಣದ ಖರ್ಚು ಬೆಳೆಯುತ್ತಲೇ ಹೋಗುವಂಥದ್ದು. ಆ ಜೇಡಿಮಣ್ಣಿನಲ್ಲಿ ಹೆಚ್ಚುವ ಗೇಣಿ ಅದನ್ನು ತೀರಿಸುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಆದ್ದರಿಂದ ಬದಲಾವಣೆ ಬಂದುದು ತುಣುಕುತುಣುಕಾಗಿ: ಹೊಲಗಳ ಅಂಚಿನ ಕೆಲವು ಭಾಗಗಳು ಬೇಲಿ ಕಂಡವು, ಪೂರ್ವದ ಹೊಲ ಸರದಿಯಿಂದ ಮರೆಯಾಯಿತು, ಮೂರ್‌ಹೌಸ್ ಎಂಬ ಲ್ಯಾಕ್ಸ್‌ಟನ್ನಿಗೆ ಸೇರಿದ ಚಿಕ್ಕ ಪಾಳೆಯದ ಹೊಲಗಳು 1860ರಲ್ಲಿ ಆವರಣಕ್ಕೆ ಒಳಗಾದವು. ನಡುವಣ ಮೂರು ಹೊಲಗಳು ಮಾತ್ರ ಹಾಗೆಯೇ ಉಳಿದವು.

ಮ್ಯಾನ್ವರ್ಸ್ ಮನೆತನ ಒಬ್ಬೊಬ್ಬ ಹಿಡುವಳಿದಾರನಿಂದಲೂ ನೆಲ ಕೊಳ್ಳುತ್ತ, ತಡೆಯುವವರು ಯಾರೂ ಇಲ್ಲದ ಸ್ಥಿತಿಗೆ ಹತ್ತಿರವಾಗುತ್ತಿದ್ದಾಗ ಜಗತ್ತಿನ ಮಾರುಕಟ್ಟೆ ಬೇರೆಯದೇ ಆಟ ಹೂಡಿತು. 1870ರ ದಶಕದಿಂದ ಅಮೆರಿಕದ ಬಯಲುಗಳ ಅಗ್ಗದ ಗೋಧಿ ರೈಲು, ಉಗಿಹಡಗುಗಳ ಮೂಲಕ ಬ್ರಿಟನ್ನಿಗೆ ಹರಿದುಬಂದು, ಅಲ್ಲಿನ ಧಾನ್ಯದ ಬೆಲೆಯೂ ಗೇಣಿಯೂ ಕುಸಿದವು. ಆ ಕಾಲದಲ್ಲಿ ಉಳುಮೆ ನೆಲಕ್ಕೆ ಹೊಸದಾಗಿ ಹಣ ಸುರಿಯುವ ಬುದ್ಧಿ ಯಾವ ಜಮೀನುದಾರನಿಗೂ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾನ್ವರ್ಸ್ ಜಮೀನಿನ ಆಡಳಿತ ಒಂದು ನಡುದಾರಿ ಹಿಡಿಯಿತು: ಚಿಕ್ಕ ಪಟ್ಟಿಗಳನ್ನು ಸೇರಿಸಿ ಅಗಲ ಮಾಡಿ ಅವುಗಳ ಸಂಖ್ಯೆಯನ್ನು ಬಹಳವಾಗಿ ಇಳಿಸಿದರೂ, ಸರದಿಯನ್ನೂ ನ್ಯಾಯಸಭೆಯನ್ನೂ ಮುಟ್ಟಲಿಲ್ಲ. ಇಂದು ಲ್ಯಾಕ್ಸ್‌ಟನ್ನಿನಲ್ಲಿ ಕಾಣುವ ಪಟ್ಟಿಗಳು ಪಿಯರ್ಸ್‌ನ ನಕ್ಷೆಯ ಪಟ್ಟಿಗಳಿಗಿಂತ ಹಲವು ಪಾಲು ದೊಡ್ಡವಾಗಿರುವುದು ಈ ಕಾರಣದಿಂದ.

ಊರಿನ ಕಟ್ಟಡಗಳೂ ಇದೇ ಕಥೆಯನ್ನು ಹೇಳುತ್ತವೆ. ಆವರಣವಾದ ಊರುಗಳಲ್ಲಿ ರೈತರು ತಂತಮ್ಮ ಒಟ್ಟುಗೂಡಿದ ಜಮೀನಿನ ನಡುವೆ ಹೊಸ ಮನೆ ಕಟ್ಟಿಕೊಂಡು ಹೊರಟುಹೋದರು. ಲ್ಯಾಕ್ಸ್‌ಟನ್ನಿನ ರೈತನ ಪಟ್ಟಿಗಳು ಮೂರು ದಿಕ್ಕಿಗೂ ಚದುರಿದ್ದರಿಂದ ಅವನಿಗೆ ಊರಿನ ನಡುವೆ ಇರುವುದೇ ಎಲ್ಲಕ್ಕೂ ಹತ್ತಿರ. ಆದ್ದರಿಂದ ಹದಿನೆಂಟನೆಯ ಶತಮಾನದ ಇಟ್ಟಿಗೆಯ ಮನೆಗಳು, ಕಣಜಗಳು, ಕೊಟ್ಟಿಗೆಗಳು ಇಂದಿಗೂ ಬೀದಿಯನ್ನೇ ಅಂಟಿಕೊಂಡಿವೆ. ಹಲವು ಮನೆಗಳು ಬೀದಿಗೆ ಮುಖ ತೋರಿಸದೆ ಪಕ್ಕದ ಗೋಡೆ ತೋರಿಸಿ ನಿಂತಿರುತ್ತವೆ, ಹಿಂದಕ್ಕೆ ಅಂಗಳವೂ ಅದರಾಚೆ ಕಿರಿದಾದ ಉದ್ದನೆಯ ಹಿತ್ತಿಲೂ ಚಾಚಿಕೊಂಡಿರುತ್ತವೆ. ತಪ್ಪಿಸಿಕೊಂಡ ದನಗಳನ್ನು ಹಿಡಿದು ಕೂಡುತ್ತಿದ್ದ ದೊಡ್ಡಿಯೂ ಅಲ್ಲಿದೆ. ಮಾಲೀಕ ದಂಡ ತೆತ್ತು ಬಿಡಿಸಿಕೊಳ್ಳಬೇಕಿತ್ತು. ದೊಡ್ಡಿಯ ಉಸ್ತುವಾರಿಯ ಹುದ್ದೆ ದೊಡ್ಡಿಗೆ ದನ ಬರುವುದು ನಿಂತಮೇಲೂ ರದ್ದಾಗಿಲ್ಲ.

ವಿದ್ವಾಂಸರ ಗಮನ ಈ ಊರಿನ ಮೇಲೆ ಬಿದ್ದುದು ತಡವಾಗಿ. ಆಕ್ಸ್‌ಫರ್ಡಿನ ಕೃಷಿ ಅರ್ಥಶಾಸ್ತ್ರ ಸಂಸ್ಥೆಯ ನಿರ್ದೇಶಕ ಚಾರ್ಲ್ಸ್ ಆರ್ವಿನ್ ಮತ್ತು ಅವರ ಪತ್ನಿ ಕ್ರಿಸ್ಟಬೆಲ್ ಆರ್ವಿನ್ ಪಿಯರ್ಸ್‌ನ ಮೋಜಣಿಯನ್ನು ಆಧಾರವಾಗಿಟ್ಟು ತೆರೆದ ಹೊಲಗಳ ಕುರಿತು 1938ರಲ್ಲಿ ಪ್ರಕಟಿಸಿದ ಗ್ರಂಥ ಲ್ಯಾಕ್ಸ್‌ಟನ್ನನ್ನು ಪ್ರಸಿದ್ಧಗೊಳಿಸಿತು. ಪಟ್ಟಿಗಳು ಹೀಗೇಕೆ ಚದುರಿದವು ಎಂಬ ಹಳೆಯ ಪ್ರಶ್ನೆಗೆ ಹಿಂದಿನವರು ಸಮಾನ ಹಂಚಿಕೆಯ ಆದರ್ಶದಲ್ಲಿ ಉತ್ತರ ಹುಡುಕಿದ್ದರೆ, ಆರ್ವಿನ್ ದಂಪತಿ ಅದನ್ನು ನೇಗಿಲಿನಲ್ಲಿ ಕಂಡರು. ಎತ್ತುಗಳ ಸಾಲನ್ನೇ ಕಟ್ಟಬೇಕಿದ್ದ ಭಾರದ ನೇಗಿಲಿಗೆ ಹಲವು ರೈತರು ಜೊತೆಗೂಡುತ್ತಿದ್ದರು. ದಿನವೊಂದಕ್ಕೆ ಉತ್ತಷ್ಟು ನೆಲ ಒಂದು ಪಟ್ಟಿಯಾಗಿ, ಸರದಿಯಂತೆ ಒಬ್ಬೊಬ್ಬರ ಪಾಲಿಗೆ ಬರುತ್ತಿತ್ತು. ತಿರುಗಿಸಲು ಕಷ್ಟವಾದ ನೇಗಿಲಿಗೆ ಉದ್ದನೆಯ ಪಟ್ಟಿಯೇ ಅನುಕೂಲ ಎಂಬುದು ಅವರ ವಾದದ ಸಾರ. ಜೋನ್ ಥರ್ಸ್ಕ್ 1964ರಲ್ಲಿ ಇದನ್ನು ಪ್ರಶ್ನಿಸಿ, ಪೂರ್ಣ ರೂಪದ ತೆರೆದ ಹೊಲ ಪದ್ಧತಿ ಮೊದಲ ನೆಲಸಿಗರ ಕಾಲದ್ದಲ್ಲ, ಜನಸಂಖ್ಯೆ ಬೆಳೆದು, ಪಿತ್ರಾರ್ಜಿತ ನೆಲ ಮಕ್ಕಳಲ್ಲಿ ಒಡೆದು, ಮೇವಿನ ನೆಲ ಸಾಲದಾದಾಗ ನಿಧಾನವಾಗಿ ರೂಪುಗೊಂಡದ್ದು ಎಂದರು. 1970ರ ದಶಕದಲ್ಲಿ ಅರ್ಥಶಾಸ್ತ್ರಜ್ಞೆ ಮೆಕ್‌ಕ್ಲಾಸ್ಕಿ, ಒಂದು ಕಡೆ ಆಲಿಕಲ್ಲು ಬಿದ್ದರೆ ಇನ್ನೊಂದು ಕಡೆಯ ಬೆಳೆಯಾದರೂ ಕೈಗೆ ಬರಲೆಂಬ ಎಚ್ಚರವೇ ಪಟ್ಟಿಗಳ ಚದುರುವಿಕೆಗೆ ಕಾರಣ ಎಂದು ಲೆಕ್ಕ ಹಾಕಿದರು. ಒಂದೇ ಕಾರಣವನ್ನು ಹಿಡಿದು ಕೂರುವ ವಾದಗಳಿಗಿಂತ ಥರ್ಸ್ಕ್ ಅವರ ದಾರಿಯೇ ಹೆಚ್ಚು ದೂರ ಬಂದಿದೆ ಎನ್ನಬೇಕು. ನೇಗಿಲು ಪಟ್ಟಿಯ ಆಕಾರವನ್ನು ವಿವರಿಸಬಲ್ಲದು, ಕೂಳೆಯ ಮೇಲಣ ಊರಿನ ಹಕ್ಕನ್ನು ವಿವರಿಸಲಾರದು.

ಸಾಮೂಹಿಕ ಆಸ್ತಿಯ ಕುರಿತ ವಾದವೂ ಈ ಹೊಲಗಳಿಗೆ ತಗಲುತ್ತದೆ. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತ ಹೋಗಿ ಕೊನೆಗೆ ಅದನ್ನು ಹಾಳುಗೆಡವುತ್ತಾನೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿದ್ದು ಜಗತ್ತಿನಾದ್ಯಂತ ಪ್ರಭಾವ ಬೀರಿತು. ಯಾರು, ಎಷ್ಟು ದನ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಗೊತ್ತುಮಾಡಿ, ಮೀರಿದವನಿಗೆ ದಂಡ ಹಾಕುವ ಸಭೆಯೊಂದು ಊರಿನಲ್ಲಿ ಇರಬಹುದೆಂಬುದನ್ನು ಅವರ ಮೂಲ ವಾದ ಗಮನಿಸಿರಲಿಲ್ಲ. ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ತಂದುಕೊಟ್ಟದ್ದು ಇಂಥ ಸಭೆಗಳ, ಕಟ್ಟುಪಾಡುಗಳ ಅಧ್ಯಯನ.

ಲ್ಯಾಕ್ಸ್‌ಟನ್ನಿನ ಸಭೆಗೆ ಕೋರ್ಟ್ ಲೀಟ್ ಎಂದು ಹೆಸರು. ಅದು ಮೇನರಿನ ಒಡೆಯನ ಹೆಸರಿನಲ್ಲಿ ಸೇರುವ ಸ್ಥಳೀಯ ನ್ಯಾಯಸಭೆ. ಒಡೆಯನ ಪರವಾಗಿ ಸ್ಟೀವರ್ಡ್ ಎಂಬ ಅಧಿಕಾರಿ ಅಧ್ಯಕ್ಷತೆ ವಹಿಸುತ್ತಾನೆ, ಊರಿನ ರೈತರಿಂದ ಆರಿಸಿದ ಜ್ಯೂರಿ, ಅಂದರೆ ಪಂಚರ ತಂಡ, ಪ್ರಮಾಣವಚನ ತೆಗೆದುಕೊಳ್ಳುತ್ತದೆ. ಚಳಿಗಾಲದ ಗೋಧಿ ಬಿತ್ತನೆ ಮುಗಿದಮೇಲೆ, ನವೆಂಬರ್ ತಿಂಗಳ ಕೊನೆಯ ಹೊತ್ತಿಗೆ, ಈ ತಂಡ ಆ ವರ್ಷ ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತದೆ. ಹಿಂದೆ ನಡೆದು ಹೋಗುತ್ತಿದ್ದವರು ಈಗ ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿನಲ್ಲಿ ಕೂತು, ಮರದ ಗೂಟಗಳ ಹೊರೆಯನ್ನೂ ಸುತ್ತಿಗೆಯನ್ನೂ ಜೊತೆಗಿಟ್ಟುಕೊಂಡು ಹೊರಡುತ್ತಾರೆ. ಪಟ್ಟಿಗಳ ಗಡಿ ಎಲ್ಲಿ ಮಸುಕಾಗಿದೆಯೋ ಅಲ್ಲಿ ಹಳೆಯ ಗುರುತುಗಳಿಂದ ನೇರ ನೋಡಿ ಗೂಟ ಹೊಡೆಯುತ್ತಾರೆ. ಯಾರಾದರೂ ಹೊಲದ ದಾರಿಯನ್ನು ಉತ್ತಿದ್ದಾರೆಯೇ, ನೆರೆಯವನ ನೆಲವನ್ನು ಒತ್ತುವರಿ ಮಾಡಿದ್ದಾರೆಯೇ, ಚರಂಡಿ ಕಟ್ಟಿಕೊಂಡಿದೆಯೇ ಎಂದು ನೋಡಿ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಡವ್‌ಕೋಟ್ ಎಂಬ ಊರಿನ ಹೆಂಡದಂಗಡಿಯಲ್ಲಿ ಊಟವಾದಮೇಲೆ ತಪ್ಪು ಯಾರದು, ದಂಡ ಎಷ್ಟು ಎಂಬ ವಾಗ್ವಾದ. ತಪ್ಪು ಮಾಡಿದವನು ಅದೇ ಮೇಜಿನ ಸುತ್ತ ಕೂತಿರುವ ಪಂಚರಲ್ಲೇ ಒಬ್ಬನಾಗಿರುವುದೂ ಉಂಟು. ವಾರದ ಬಳಿಕ ಅದೇ ಹೆಂಡದಂಗಡಿಯಲ್ಲಿ ನ್ಯಾಯಸಭೆ ಸೇರಿ ದಂಡಗಳನ್ನು ಸ್ಥಿರಪಡಿಸಿ, ಮುಂದಿನ ವರ್ಷ ಗೋಧಿಯ ಸರದಿ ಬರುವ ಹೊಲಕ್ಕೆ ಹೊಸ ಪಂಚರನ್ನು ನೇಮಿಸುತ್ತದೆ. ದಂಡದ ಮೊತ್ತ ದೊಡ್ಡದಲ್ಲ. ನೆರೆಹೊರೆಯವರ ಎದುರು ಹೆಸರು ಓದಿಸಿಕೊಳ್ಳುವುದೇ ನಿಜವಾದ ಶಿಕ್ಷೆ.

ಇದೇ ಸಭೆಯ ಅಧೀನದಲ್ಲಿ ಸೈಕ್ ಎಂಬ ಹುಲ್ಲುಪಟ್ಟಿಗಳೂ ಇವೆ. ನೀರು ಹರಿಯುವ ತಗ್ಗು, ನೇಗಿಲು ಏರದ ಇಳಿಜಾರು, ಹೀಗೆ ಉಳಲಾಗದ ಜಾಗಗಳನ್ನು ಹೊಲದ ನಡುವೆ ಹಾಗೆಯೇ ಬಿಟ್ಟು, ಬೇಸಗೆಯಲ್ಲಿ ಅಲ್ಲಿನ ಹುಲ್ಲನ್ನು ಹರಾಜು ಹಾಕಿ, ಬಂದ ಹಣವನ್ನು ಹಕ್ಕುದಾರರಿಗೆ ಹಂಚುವುದು ವಾಡಿಕೆ. ಶತಮಾನಗಳಿಂದ ನೇಗಿಲನ್ನಾಗಲಿ ರಸಗೊಬ್ಬರವನ್ನಾಗಲಿ ಕಾಣದ ಈ ಪಟ್ಟಿಗಳಲ್ಲಿ ಇಂಗ್ಲೆಂಡಿನ ಉಳಿದ ಕಡೆ ಅಪರೂಪವಾಗಿರುವ ಕಾಡುಹೂವುಗಳು ಉಳಿದಿವೆಯೆಂದು ಅವುಗಳಿಗೆ ಈಗ ವೈಜ್ಞಾನಿಕ ಮಹತ್ವದ 'ಸಂರಕ್ಷಿತ ತಾಣ' ಎಂಬ ಮಾನ್ಯತೆಯೂ ಇದೆ.

ಎರಡನೆಯ ಮಹಾಯುದ್ಧದ ನಂತರ ಭಾರೀ ತೆರಿಗೆಗಳು ಬ್ರಿಟನ್ನಿನ ದೊಡ್ಡ ಜಮೀನುದಾರಿ ಮನೆತನಗಳನ್ನು ಒಡೆಯತೊಡಗಿದವು. ಗಂಡು ವಾರಸುದಾರರಿಲ್ಲದ ಆರನೆಯ ಅರ್ಲ್ ಮ್ಯಾನ್ವರ್ಸ್ ಲ್ಯಾಕ್ಸ್‌ಟನ್ನನ್ನು ಚೂರುಚೂರಾಗಿ ಮಾರಿದ್ದರೆ ತೆರೆದ ಹೊಲಗಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದರ ಬದಲು 1952ರಲ್ಲಿ ಜಮೀನು ಕೃಷಿ ಸಚಿವಾಲಯದ ಪಾಲಾಗಿ, ದೇಶದ ಕೃಷಿ ಸಚಿವನೇ ಒಂದು ಹಳ್ಳಿಯ ಮೇನರಿನ ಒಡೆಯನಾಗುವ ವಿಚಿತ್ರ ಪ್ರಸಂಗ ಒದಗಿತು. ಹೊಲಗಳನ್ನು ಆಧುನಿಕಗೊಳಿಸುವಂತೆ ದೇಶದ ರೈತರಿಗೆಲ್ಲ ಸಹಾಯಧನ ಕೊಡುತ್ತಿದ್ದ ಸಚಿವಾಲಯವೇ ಇಲ್ಲಿ ಮಾತ್ರ ಹಳೆಯ ಪಟ್ಟಿಗಳನ್ನು ಉಳಿಸುವ ಹೊಣೆ ಹೊತ್ತಿತು. ಬಳಕೆ ತಪ್ಪಿದ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ಕೊನೆಗಾಣಿಸಲು ಪಾರ್ಲಿಮೆಂಟು 1977ರಲ್ಲಿ ಕಾಯಿದೆ ಮಾಡಿದಾಗ, ಲ್ಯಾಕ್ಸ್‌ಟನ್ನಿನ ಕೋರ್ಟ್ ಲೀಟಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಬೇರೆಡೆ ಉಳಿದಿರುವ ಅಂಥ ಸಭೆಗಳು ಉತ್ಸವದ ಮಟ್ಟದವು, ಲ್ಯಾಕ್ಸ್‌ಟನ್ನಿನದಕ್ಕೆ ಹೊಲಗಳ ಮೇಲೆ ನಿಜವಾದ ಅಧಿಕಾರವಿದೆ. ಆದರೆ ಸರ್ಕಾರಿ ಆಸ್ತಿಗಳನ್ನು ಮಾರುವ ಗಾಳಿ ಬೀಸತೊಡಗಿದ ಮೇಲೆ ಸಚಿವಾಲಯ ಈ ಹೊಣೆಯಿಂದ ಕಳಚಿಕೊಂಡಿತು. 1981ರಲ್ಲಿ ಊರು ರಾಜಮನೆತನದ ಹೆಸರಿನ ಸಾರ್ವಜನಿಕ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಸಂಸ್ಥೆಗೆ ಹೋಯಿತು. ಹೊಲಗಳ ಕಥೆಗೆ ಸಂಬಂಧವಿಲ್ಲದಿದ್ದರೂ, ಊರಿನ ಹೊರವಲಯದ ರೈತಮನೆಯೊಂದರಲ್ಲಿ 1995ರಲ್ಲಿ ಯಹೂದಿ ನರಮೇಧದ ಸ್ಮಾರಕ ಕೇಂದ್ರವೊಂದು ಆರಂಭವಾಗಿ, ಇಂದು ಬ್ರಿಟನ್ನಿನ ರಾಷ್ಟ್ರೀಯ ಹಾಲೊಕಾಸ್ಟ್ ಮ್ಯೂಸಿಯಂ ಆಗಿ ಬೆಳೆದಿರುವುದನ್ನೂ ಹೇಳಬೇಕು. ಲ್ಯಾಕ್ಸ್‌ಟನ್ನಿಗೆ ಬರುವವರಲ್ಲಿ ಹಲವರು ಬರುವುದು ಅದಕ್ಕಾಗಿಯೇ.

ಕ್ರೌನ್ ಎಸ್ಟೇಟ್ 2018ರಲ್ಲಿ ಲ್ಯಾಕ್ಸ್‌ಟನ್ನನ್ನು ಮಾರುವುದಾಗಿ ಪ್ರಕಟಿಸಿದಾಗ ಊರಿನ ರೈತರೂ ಇತಿಹಾಸಕಾರರೂ ಕಳವಳಗೊಂಡರು. ತೆರೆದ ಹೊಲಗಳು ಒಟ್ಟು 500 ಎಕರೆಯ ಆಸುಪಾಸಿನವು ಮಾತ್ರ. ಅಲ್ಲಿನ ರೈತರೂ ಬದುಕುವುದು ಅವುಗಳೊಂದಿಗೆ ಬೇಲಿಯೊಳಗಿನ ಜಮೀನನ್ನೂ ಉತ್ತು. ದೊಡ್ಡ ಯಂತ್ರಗಳಿಗೆ ಪಟ್ಟಿ ಕಿರಿದು, ಊರಿನ ಸರದಿ ಮಾರುಕಟ್ಟೆಯ ಬೆಲೆ ನೋಡಿ ಬದಲಾಗುವಂಥದ್ದಲ್ಲ. ಗೇಣಿಯ ಲೆಕ್ಕವನ್ನಷ್ಟೇ ನೋಡುವ ಹೊಸ ಒಡೆಯನಿಗೆ ಈ ಹೊಲಗಳು ಹೊರೆಯಾಗಿ ಕಾಣುವುದು ಸಹಜವಾಗಿತ್ತು. ಮಾರಾಟ 2020ರಲ್ಲಿ ಮುಗಿಯಿತು. ಕೊಂಡದ್ದು ಥೋರ್ಸ್‌ಬಿ ಎಸ್ಟೇಟ್, ಎಂದರೆ 1952ರಲ್ಲಿ ಊರನ್ನು ಸರ್ಕಾರಕ್ಕೆ ಮಾರಿದ್ದ ಪಿಯರ್‌ಪಾಂಟ್ ವಂಶಸ್ಥರದೇ ಆಸ್ತಿ. ಸ್ಟೀವರ್ಡನನ್ನು ನೇಮಿಸುವ ಹಕ್ಕು ಈಗ ಮತ್ತೆ ಅವರದು. ಗೋಧಿ ಹೊಲದಲ್ಲಿ ಗೂಟ ಎಲ್ಲಿ ಹೊಡೆಯಬೇಕೆಂದು ತೀರ್ಮಾನಿಸುವ ಹಕ್ಕು ಮಾತ್ರ ಹಿಂದಿನಂತೆಯೇ ಪಂಚರದು.